ಶಾಲೆಯ ತಕರಾರನ್ನು ಕಾಗದಕ್ಕೆ ಇಳಿಸುವುದು ಹೇಗೆ: ಕರ್ನಾಟಕದ ವಿದ್ಯಾರ್ಥಿಗಳು, ಪೋಷಕರು ಮತ್ತು ಶಾಲಾ ನೌಕರರಿಗೆ ಕಾನೂನಿನ ಕೈಪಿಡಿ

ಶಾಲೆಗೆ ಸಂಬಂಧಿಸಿದ ತಕರಾರುಗಳಲ್ಲಿ ಹೆಚ್ಚಿನವು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಬಾಯಿಮಾತಿನಲ್ಲೇ ಹುಟ್ಟಿ ಬಾಯಿಮಾತಿನಲ್ಲೇ ಮುಗಿದುಹೋಗುತ್ತವೆ. ಬಾಕಿ ಶುಲ್ಕ ಕಟ್ಟುವವರೆಗೆ ವರ್ಗಾವಣೆ ಪತ್ರ ಸಿಗುವುದಿಲ್ಲ ಎಂದು ಗುಮಾಸ್ತರು ಹೇಳುತ್ತಾರೆ. ಪೋಷಕರು ಎರಡು ಸಲ ಬಂದು ಹೋಗಿ, ಮೂರನೆಯ ಸಲಕ್ಕೆ ಕೈಸಾಲ ಮಾಡಿಕೊಂಡು ಬರುತ್ತಾರೆ. ಜೂನ್ ತಿಂಗಳಿಂದ ಬರುವುದು ಬೇಡ ಎಂದು ಕಾರ್ಯದರ್ಶಿಗಳು ಫೋನಿನಲ್ಲಿ ತಿಳಿಸುತ್ತಾರೆ. ಹತ್ತು ವರ್ಷ ಪಾಠ ಮಾಡಿದ ಶಿಕ್ಷಕಿ ಸುಮ್ಮನೆ ಬೇರೆ ಶಾಲೆ ಹುಡುಕಿಕೊಳ್ಳುತ್ತಾರೆ. ಈ ಎರಡೂ ಸಂದರ್ಭಗಳಲ್ಲಿ ಕಾನೂನು ದುರ್ಬಲರ ಪರವಾಗಿಯೇ ಇದೆ. ಆದರೆ ಅದನ್ನು ಚಲಾಯಿಸಲು ಬೇಕಾದ ದಿನಾಂಕವುಳ್ಳ ಒಂದು ಕಾಗದ ಅವರ ಕೈಯಲ್ಲಿ ಇರುವುದಿಲ್ಲ. ಇದ್ದರೂ ಅದು ತಪ್ಪು ಕಚೇರಿಗೆ ಹೋಗಿರುತ್ತದೆ, ಇಲ್ಲವೇ ಅವಧಿ ಮೀರಿದ ಮೇಲೆ ಹೋಗಿರುತ್ತದೆ. ಆದ್ದರಿಂದ ಇಲ್ಲಿ ಹಕ್ಕುಗಳ ಪಟ್ಟಿಗಿಂತ, ಯಾವ ಹಕ್ಕನ್ನು ಯಾರ ಮುಂದೆ, ಯಾವ ಅವಧಿಯೊಳಗೆ, ಯಾವ ದಾಖಲೆಯೊಂದಿಗೆ ಕೇಳಬೇಕು ಎಂಬುದಕ್ಕೆ ಹೆಚ್ಚು ಗಮನ ಕೊಡಲಾಗಿದೆ.

ಶಿಕ್ಷಣದ ಹಕ್ಕಿನ ಕುರಿತು ಸುಪ್ರೀಂ ಕೋರ್ಟು ನೀಡಿದ ದೊಡ್ಡ ತೀರ್ಪುಗಳಲ್ಲಿ ಕೆಲವು ನಮ್ಮ ರಾಜ್ಯದ ಹೆಸರನ್ನೇ ಹೊತ್ತಿವೆ ಎಂಬುದನ್ನು ಇಲ್ಲಿ ನೆನೆಯಬಹುದು. ವಂತಿಗೆ ಶುಲ್ಕದ ವಿರುದ್ಧದ 1992ರ ಮೋಹಿನಿ ಜೈನ್ ಪ್ರಕರಣದಲ್ಲಿಯೂ, ಖಾಸಗಿ ಸಂಸ್ಥೆಗಳ ಸ್ವಾಯತ್ತತೆಯನ್ನು ವಿವರಿಸಿದ 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿಯೂ ಎದುರು ಪಕ್ಷವಾಗಿ ನಿಂತದ್ದು ಕರ್ನಾಟಕ ಸರ್ಕಾರವೇ.

ಮೊದಲ ಪ್ರಶ್ನೆ: ಶಾಲೆ ಯಾವ ಬಗೆಯದು?

ದೂರು ಬರೆಯುವ ಮೊದಲು ಶಾಲೆ ಸರ್ಕಾರಿಯೇ, ಅನುದಾನಿತವೇ, ಅನುದಾನರಹಿತ ಖಾಸಗಿಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅನುದಾನರಹಿತವಾಗಿದ್ದರೆ ಅದು ರಾಜ್ಯ ಪಠ್ಯಕ್ರಮದ್ದೇ, ಸಿಬಿಎಸ್‌ಇ ಅಥವಾ ಐಸಿಎಸ್‌ಇಗೆ ಸಂಯೋಜಿತವಾದದ್ದೇ, ಅಲ್ಪಸಂಖ್ಯಾತ ಸಂಸ್ಥೆಯೇ ಎಂಬುದನ್ನೂ ತಿಳಿಯಬೇಕು. ಇದು ಕೇವಲ ಔಪಚಾರಿಕತೆಯಲ್ಲ. 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯಿದೆ, 1983, ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಪೂರ್ಣವಾಗಿ ಅನ್ವಯಿಸುತ್ತದೆ. ಕೇಂದ್ರೀಯ ಮಂಡಳಿಗಳಿಗೆ ಸಂಯೋಜಿತವಾದ ಶಾಲೆಗಳನ್ನು ಅದರ 1ನೇ ಕಲಮೇ ಬಹುಮಟ್ಟಿಗೆ ಹೊರಗಿಟ್ಟಿದೆ. ಅದೇ ರೀತಿ, 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆ, ಅಂದರೆ ಎಲ್ಲರೂ ಆರ್‌ಟಿಇ ಎಂದು ಕರೆಯುವ ಕಾಯಿದೆ, ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ಆ ನಿಲುವನ್ನು ಮರುಪರಿಶೀಲಿಸಬೇಕೆಂದು 2025ರಲ್ಲಿ ಅದೇ ನ್ಯಾಯಾಲಯದ ಒಂದು ಪೀಠ ಅಭಿಪ್ರಾಯಪಟ್ಟಿದೆ.

ಮಗುವಿನ ವಯಸ್ಸೂ ಅಷ್ಟೇ ಮುಖ್ಯ. ಆರ್‌ಟಿಇ ಕಾಯಿದೆಯ ರಕ್ಷಣೆ 6ರಿಂದ 14 ವರ್ಷದವರೆಗಿನ ಮಕ್ಕಳಿಗೆ, ಅಂದರೆ ಸ್ಥೂಲವಾಗಿ 8ನೇ ತರಗತಿಯವರೆಗೆ ಸಲ್ಲುತ್ತದೆ. 9ನೇ ತರಗತಿಯ ವಿದ್ಯಾರ್ಥಿಯ ಪರವಾಗಿ ಆರ್‌ಟಿಇ ಕಲಮುಗಳನ್ನು ಉಲ್ಲೇಖಿಸಿ ಬರೆದ ದೂರು ಶಾಲೆಯವರಿಗೆ ಸುಲಭದ ಉತ್ತರವನ್ನು ಕೈಗೆ ಕೊಟ್ಟಂತಾಗುತ್ತದೆ. ಅಂಥ ಸಂದರ್ಭದಲ್ಲಿ ರಾಜ್ಯದ ಶಿಕ್ಷಣ ಕಾಯಿದೆ, ಆಯಾ ಮಂಡಳಿಯ ನಿಯಮಗಳು ಮತ್ತು ಕ್ರಮ ಕೈಗೊಳ್ಳುವ ಮೊದಲು ಎದುರು ಪಕ್ಷದ ಮಾತನ್ನು ಕೇಳಬೇಕೆಂಬ ಸಹಜ ನ್ಯಾಯದ ತತ್ವ, ಇವುಗಳನ್ನೇ ಆಧರಿಸಬೇಕಾಗುತ್ತದೆ.

ಕಾಗದ ಸಿದ್ಧಪಡಿಸುವ ಕ್ರಮ

ಯಾವುದೇ ಅರ್ಜಿಯನ್ನು ಎರಡು ಪ್ರತಿಗಳಲ್ಲಿ ಬರೆದು, ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ, ಸಹಿ ಮತ್ತು ಮುದ್ರೆಯ ಸ್ವೀಕೃತಿಯನ್ನು ಪಡೆಯಬೇಕು. ಶಾಲೆಯವರು ಸ್ವೀಕೃತಿ ಕೊಡಲು ಒಪ್ಪದಿದ್ದರೆ ವಾದಕ್ಕೆ ಇಳಿಯುವ ಅಗತ್ಯವಿಲ್ಲ. ಅದೇ ದಿನ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ, ರಸೀದಿಯನ್ನೂ, ತಲುಪಿದ ಬಗ್ಗೆ ಅಂತರ್ಜಾಲದಲ್ಲಿ ಕಾಣುವ ವಿವರದ ಮುದ್ರಿತ ಪ್ರತಿಯನ್ನೂ ಇಟ್ಟುಕೊಳ್ಳಬೇಕು. ಹಳೆಯ ರಿಜಿಸ್ಟರ್ಡ್ ಅಂಚೆ 2025ರ ಸೆಪ್ಟೆಂಬರಿನಿಂದ ಸ್ಪೀಡ್ ಪೋಸ್ಟಿನಲ್ಲಿಯೇ ವಿಲೀನವಾಗಿರುವುದರಿಂದ ಈಗ ಇದೇ ದಾರಿ. ಜೊತೆಗೆ ಶಾಲೆಯ ಅಧಿಕೃತ ಇಮೇಲ್‌ಗೂ ಒಂದು ಪ್ರತಿಯನ್ನು ಕಳುಹಿಸಿದರೆ ಒಳ್ಳೆಯದು.

ವಾಟ್ಸಾಪ್ ಸಂದೇಶಗಳನ್ನೂ ಧ್ವನಿಮುದ್ರಣಗಳನ್ನೂ ಅಳಿಸಬಾರದು. ಅವು ಬಂದ ಮೊಬೈಲನ್ನೂ ಮಾರಬಾರದು. ಎಲೆಕ್ಟ್ರಾನಿಕ್ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಉಪಕರಣ ಕೈಯಲ್ಲಿದ್ದರೆ ಆ ಪ್ರಮಾಣಪತ್ರ ಕೊಡುವುದು ಸುಲಭವಾಗುತ್ತದೆ.

ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಅಥವಾ ಫೇಸ್‌ಬುಕ್‌ನಲ್ಲಿ ಶಾಲೆಯ ಹೆಸರು, ಶಿಕ್ಷಕರ ಹೆಸರು ಹಾಕಿ ಆರೋಪ ಬರೆಯುವ ಅಭ್ಯಾಸ ಈಚೆಗೆ ಹೆಚ್ಚಿದೆ. ಅದರಿಂದ ಕೋಪ ತಣಿಯಬಹುದು, ಆದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನಹಾನಿಯ ನೋಟಿಸು ಬರಲು ಅದು ಸಾಕಾಗುತ್ತದೆ. ಅದೇ ಆರೋಪವನ್ನು ಅಧಿಕಾರವುಳ್ಳ ವ್ಯಕ್ತಿಗೆ ಸದುದ್ದೇಶದಿಂದ ದೂರಾಗಿ ಸಲ್ಲಿಸಿದರೆ, ಅದು ಮಾನಹಾನಿಯಲ್ಲ ಎಂದು ಅದೇ ಕಲಮಿನ ವಿನಾಯಿತಿಯೊಂದು ಹೇಳುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿಯವರ ಟಪಾಲಿಗೆ ಹೋಗುವ ಕಾಗದ ಗುಂಪಿನ ಸಂದೇಶಕ್ಕಿಂತ ಪರಿಣಾಮಕಾರಿಯೂ ಹೌದು, ಸುರಕ್ಷಿತವೂ ಹೌದು.

ವರ್ಗಾವಣೆ ಪತ್ರವನ್ನು ತಡೆಹಿಡಿದಾಗ

ಪ್ರತಿ ವರ್ಷ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಅತಿ ಹೆಚ್ಚು ಕೇಳಿಬರುವ ತಕರಾರು ಇದೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಆರ್‌ಟಿಇ ಕಾಯಿದೆಯ 5ನೇ ಕಲಮಿನ ಪ್ರಕಾರ ಮಗು ಬೇರೆ ಶಾಲೆಗೆ ಸೇರಲು ಕೇಳಿದಾಗ ಮುಖ್ಯ ಶಿಕ್ಷಕರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ವಿಳಂಬ ಮಾಡಿದವರು ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ಇದಕ್ಕಿಂತ ಹೆಚ್ಚು ಉಪಯುಕ್ತವಾದದ್ದು ಅದೇ ಕಲಮಿನ ಇನ್ನೊಂದು ಮಾತು: ವರ್ಗಾವಣೆ ಪತ್ರ ತರಲು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಈ ರಕ್ಷಣೆ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವಾಗ ಅತ್ಯಂತ ಗಟ್ಟಿಯಾಗಿರುತ್ತದೆ, ಏಕೆಂದರೆ ಆ ಕಲಮು ವರ್ಗಾವಣೆಯ ಹಕ್ಕನ್ನು ಕೊಡುವಾಗ ಅನುದಾನರಹಿತ ಖಾಸಗಿ ಶಾಲೆಗಳನ್ನು ಹೊರಗಿಟ್ಟೇ ಮಾತನಾಡುತ್ತದೆ.

ಹಾಗಾದರೆ ಬಾಕಿ ಶುಲ್ಕದ ಗತಿಯೇನು? ಶುಲ್ಕ ನಿಜವಾಗಿಯೂ ಬಾಕಿಯಿದ್ದರೆ ಅದು ಪೋಷಕರು ತೀರಿಸಬೇಕಾದ ಋಣವೇ ಸರಿ, ಅದನ್ನು ವಸೂಲು ಮಾಡಲು ಶಾಲೆಗೆ ಸಿವಿಲ್ ನ್ಯಾಯಾಲಯದ ದಾರಿ ತೆರೆದಿದೆ. ಆದರೆ ಮಗುವಿನ ದಾಖಲೆಯನ್ನು ಒತ್ತೆ ಇಟ್ಟುಕೊಳ್ಳುವುದು ಆ ದಾರಿಯಲ್ಲ.

ವಾಸ್ತವದಲ್ಲಿ ಇನ್ನೊಂದು ತೊಡಕಿದೆ. ನಮ್ಮ ರಾಜ್ಯದಲ್ಲಿ ಪ್ರತಿ ವಿದ್ಯಾರ್ಥಿಯ ವಿವರವೂ ಸ್ಯಾಟ್ಸ್ ಎಂಬ ಶಿಕ್ಷಣ ಇಲಾಖೆಯ ತಂತ್ರಾಂಶದಲ್ಲಿ ಇರುತ್ತದೆ. ಹಳೆಯ ಶಾಲೆಯು ಮಗುವಿನ ಹೆಸರನ್ನು ಅಲ್ಲಿಂದ ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯ ಮುಖ್ಯ ಶಿಕ್ಷಕರು ಮಗುವನ್ನು ತರಗತಿಯಲ್ಲಿ ಕೂರಿಸಿಕೊಂಡರೂ ಹೆಸರು ಸೇರಿಸಿಕೊಳ್ಳಲು ಪರದಾಡುತ್ತಾರೆ. ಆದ್ದರಿಂದ ಅರ್ಜಿಯಲ್ಲಿ ವರ್ಗಾವಣೆ ಪತ್ರದ ಜೊತೆಗೆ ಸ್ಯಾಟ್ಸ್ ಬಿಡುಗಡೆಯನ್ನೂ ಹೆಸರಿಸಿ ಕೇಳಬೇಕು. ಅರ್ಜಿಯ ಒಡಲು ಹೀಗಿದ್ದರೆ ಸಾಕು:

«ನನ್ನ ಮಗಳು ತಮ್ಮ ಶಾಲೆಯಲ್ಲಿ ಪ್ರಸಕ್ತ ಸಾಲಿನಲ್ಲಿ 5ನೇ ತರಗತಿಯನ್ನು ಪೂರೈಸಿರುತ್ತಾಳೆ. ಅವಳ ದಾಖಲಾತಿ ಸಂಖ್ಯೆ ಮತ್ತು ಸ್ಯಾಟ್ಸ್ ಸಂಖ್ಯೆಯನ್ನು ಕೆಳಗೆ ನಮೂದಿಸಿದ್ದೇನೆ. ನಮ್ಮ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಅವಳನ್ನು ಸೇರಿಸಬೇಕಾಗಿರುವುದರಿಂದ ವರ್ಗಾವಣೆ ಪತ್ರವನ್ನು ನೀಡಿ, ಸ್ಯಾಟ್ಸ್ ತಂತ್ರಾಂಶದಲ್ಲಿ ಬಿಡುಗಡೆ ಮಾಡಿಕೊಡಬೇಕೆಂದು ಕೋರುತ್ತೇನೆ. ಈ ತಿಂಗಳ 3ರಂದು ಖುದ್ದಾಗಿ ಕೇಳಿದಾಗ, ಬಾಕಿ ಶುಲ್ಕ ತೀರುವವರೆಗೆ ಕೊಡಲಾಗದೆಂದು ಕಚೇರಿಯಲ್ಲಿ ತಿಳಿಸಿರುತ್ತಾರೆ. ಆರ್‌ಟಿಇ ಕಾಯಿದೆಯ 5ನೇ ಕಲಮಿನಂತೆ ಪತ್ರವನ್ನು ಕೂಡಲೇ ನೀಡಬೇಕಾಗಿದ್ದು, ಏಳು ದಿನಗಳೊಳಗೆ ನೀಡದಿದ್ದಲ್ಲಿ ಮೇಲಿನ ಅಧಿಕಾರಿಗಳಿಗೆ ದೂರು ಸಲ್ಲಿಸುವುದು ನನಗೆ ಅನಿವಾರ್ಯವಾಗುತ್ತದೆ.»

ಇದರಲ್ಲಿ ಬೈಗುಳವಿಲ್ಲ, ಬೇರೆ ಹಳೆಯ ದೂರುಗಳ ಪ್ರಸ್ತಾಪವೂ ಇಲ್ಲ ಎಂಬುದನ್ನು ಗಮನಿಸಬೇಕು. ಒಂದು ಅರ್ಜಿಗೆ ಒಂದೇ ಬೇಡಿಕೆ ಇರಬೇಕು. ಸಮವಸ್ತ್ರದ ಬೆಲೆ, ಬಸ್ಸಿನ ಚಾಲಕರ ವರ್ತನೆ, ಕಳೆದ ವರ್ಷದ ಅಂಕಪಟ್ಟಿ ಎಲ್ಲವನ್ನೂ ಒಂದೇ ಕಾಗದದಲ್ಲಿ ತುಂಬಿದರೆ ಅಧಿಕಾರಿಗಳು ಅದರಲ್ಲಿ ಅತಿ ಸುಲಭವಾದ ಅಂಶಕ್ಕೆ ಮಾತ್ರ ಉತ್ತರ ಬರೆದು ಕಡತವನ್ನು ಮುಚ್ಚುತ್ತಾರೆ.

ಏಳು ದಿನ ಕಳೆದರೂ ಉತ್ತರ ಬಾರದಿದ್ದರೆ ಆರ್‌ಟಿಇ ಕಾಯಿದೆಯ 32ನೇ ಕಲಮು ನೆರವಿಗೆ ಬರುತ್ತದೆ. ಅದರ ಪ್ರಕಾರ ಯಾರೇ ಆಗಲಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಪ್ರಾಧಿಕಾರವು ಎರಡೂ ಕಡೆಯವರಿಗೆ ಅವಕಾಶ ಕೊಟ್ಟು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ರೂಢಿಯಲ್ಲಿ ಜನರು ಈ ದೂರನ್ನು ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಗೇ ಕೊಡುತ್ತಾರೆ. ಅದರ ಪ್ರತಿಯನ್ನು ಗ್ರಾಮ ಪಂಚಾಯಿತಿ ಅಥವಾ ನಗರಸಭೆಗೂ ಕೊಟ್ಟರೆ ದೂರು ಸರಿಯಾದ ಪ್ರಾಧಿಕಾರಕ್ಕೆ ಬಂದಿಲ್ಲ ಎಂಬ ಆಕ್ಷೇಪಕ್ಕೆ ಎಡೆ ಇರುವುದಿಲ್ಲ. ಬಿಇಒ ಅವರಿಂದ ಫಲ ಸಿಗದಿದ್ದರೆ ಜಿಲ್ಲೆಯ ಉಪನಿರ್ದೇಶಕರ ಕಚೇರಿಗೆ ಹೋಗಬಹುದು. 32ನೇ ಕಲಮಿನ ತೀರ್ಮಾನದ ವಿರುದ್ಧ ಮೇಲ್ಮನವಿಯನ್ನು ಕೇಳುವುದು ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ.

ಪ್ರವೇಶ, ಹೊರಹಾಕುವಿಕೆ ಮತ್ತು ಶುಲ್ಕ

ಪ್ರವೇಶದ ಸಮಯದಲ್ಲಿ ಮಗುವಿಗೆ ಅಥವಾ ತಂದೆ ತಾಯಿಗೆ ಸಂದರ್ಶನ, ಪರೀಕ್ಷೆ ನಡೆಸುವುದನ್ನು ಆರ್‌ಟಿಇ ಕಾಯಿದೆಯ 13ನೇ ಕಲಮು ನಿಷೇಧಿಸುತ್ತದೆ; ಮೊದಲ ಸಲಕ್ಕೆ 25,000 ರೂಪಾಯಿ, ಅನಂತರದ ಪ್ರತಿ ಸಲಕ್ಕೆ 50,000 ರೂಪಾಯಿಯವರೆಗೆ ದಂಡವಿದೆ. ವಂತಿಗೆ ವಸೂಲು ಮಾಡಿದರೆ ಅದರ ಹತ್ತು ಪಟ್ಟಿನವರೆಗೆ ದಂಡ ವಿಧಿಸಬಹುದು. ಜನನ ಪ್ರಮಾಣಪತ್ರ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 14ನೇ ಕಲಮು ಹೇಳುತ್ತದೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎಂಬುದು 16ನೇ ಕಲಮು. 2019ರ ತಿದ್ದುಪಡಿಯ ನಂತರ 5 ಮತ್ತು 8ನೇ ತರಗತಿಗಳಲ್ಲಿ ಅನುತ್ತೀರ್ಣರನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವ ಅಧಿಕಾರ ಸರ್ಕಾರಗಳಿಗೆ ದೊರೆತರೂ, ಹೊರಹಾಕಬಾರದೆಂಬ ನಿಯಮ ಹಾಗೆಯೇ ಉಳಿದಿದೆ.

ಖಾಸಗಿ ಶಾಲೆಗಳಲ್ಲಿ ದುರ್ಬಲ ವರ್ಗದ ಮಕ್ಕಳಿಗೆಂದು ಆರ್‌ಟಿಇ ಕಾಯಿದೆ ಮೀಸಲಿಟ್ಟ ಶೇ. 25 ಸೀಟುಗಳ ಬಗ್ಗೆ ಇನ್ನೂ ಅನೇಕರು ಹಳೆಯ ನಿರೀಕ್ಷೆಯಲ್ಲಿದ್ದಾರೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಅನುದಾನರಹಿತ ಶಾಲೆಗಳಲ್ಲಿ ಆ ಸೀಟುಗಳನ್ನು ತುಂಬುವ ಅಗತ್ಯವಿಲ್ಲ ಎಂದು ರಾಜ್ಯ ಸರ್ಕಾರ ನಿಯಮ ತಿದ್ದಿತು, 2019ರ ಮೇ ತಿಂಗಳಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ಶುಲ್ಕದ ಮೊತ್ತ ದುಬಾರಿಯಾಯಿತು ಎಂಬ ದೂರಿಗೆ ಸಿಗುವ ಪರಿಹಾರ ಸೀಮಿತವೆಂಬುದನ್ನು ಪೋಷಕರು ಮೊದಲೇ ತಿಳಿದಿರುವುದು ಒಳ್ಳೆಯದು. ಅನುದಾನರಹಿತ ಖಾಸಗಿ ಶಾಲೆಗಳ ಶುಲ್ಕವನ್ನು ನಿಯಂತ್ರಿಸಲು ಶಿಕ್ಷಣ ಕಾಯಿದೆಯಲ್ಲಿದ್ದ ನಿಬಂಧನೆಗಳನ್ನು ಹೈಕೋರ್ಟು 2023ರ ಜನವರಿಯಲ್ಲಿ ಅಸಾಂವಿಧಾನಿಕವೆಂದು ಘೋಷಿಸಿತು. ಹೀಗಾಗಿ ಮೊತ್ತದ ಬಗ್ಗೆ ವಾದಿಸುವುದಕ್ಕಿಂತ, ರಸೀದಿ ಕೊಡದೆ ಹಣ ಪಡೆದದ್ದು, ವಂತಿಗೆ ಕೇಳಿದ್ದು, ಶುಲ್ಕದ ಕಾರಣಕ್ಕೆ ಮಗುವನ್ನು ಪರೀಕ್ಷೆಗೆ ಕೂರಿಸದೆ ಹೊರಗೆ ನಿಲ್ಲಿಸಿದ್ದು, ಇಂಥ ವಿಷಯಗಳ ಮೇಲೆ ದೂರು ಕೊಟ್ಟರೆ ಅದಕ್ಕೆ ಕಾನೂನಿನ ನೆಲೆ ಇರುತ್ತದೆ.

ಪದವಿ ಕಾಲೇಜಿನ ವಿಷಯ ಬೇರೆ. ಪ್ರವೇಶ ರದ್ದುಪಡಿಸಿದ ವಿದ್ಯಾರ್ಥಿಗೆ ಶುಲ್ಕ ಮರಳಿಸುವ ಪ್ರಮಾಣವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2018ರ ಅಧಿಸೂಚನೆಯಲ್ಲಿ ದಿನಗಳ ಲೆಕ್ಕದಲ್ಲಿ ನಿಗದಿ ಮಾಡಿದೆ, ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಯು ಇಟ್ಟುಕೊಳ್ಳುವಂತಿಲ್ಲ ಎಂದೂ ಹೇಳಿದೆ. 2023ರ ನಿಯಮಾವಳಿಯಂತೆ ಪ್ರತಿ ಸಂಸ್ಥೆಯಲ್ಲಿಯೂ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು; ಅದರ ತೀರ್ಮಾನದ ವಿರುದ್ಧ 15 ದಿನಗಳೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್, ಅಂದರೆ ಇಂಥ ದೂರುಗಳ ಮೇಲ್ಮನವಿ ಕೇಳಲು ನೇಮಕವಾದವರು, ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ರ‍್ಯಾಗಿಂಗ್ ನಡೆದರೆ ಯುಜಿಸಿಯ 1800-180-5522 ಸಹಾಯವಾಣಿಗೆ ಕರೆ ಮಾಡಿ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಗ್ರಾಹಕ ಆಯೋಗಕ್ಕೆ ಹೋಗುವ ಮೊದಲು ಮಾತ್ರ ಯೋಚಿಸಬೇಕು. ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾಯಿದೆಯ ಅರ್ಥದಲ್ಲಿ ಸೇವೆ ಒದಗಿಸುವುದಿಲ್ಲವೆಂದು ಸುಪ್ರೀಂ ಕೋರ್ಟು ಒಂದಕ್ಕಿಂತ ಹೆಚ್ಚು ತೀರ್ಪುಗಳಲ್ಲಿ ಹೇಳಿದೆ. ಕೋಚಿಂಗ್ ಕೇಂದ್ರಗಳು ಮಾತ್ರ ಆ ಕಾಯಿದೆಯ ವ್ಯಾಪ್ತಿಯೊಳಗೆ ಬರುತ್ತವೆ ಎಂದು ರಾಷ್ಟ್ರೀಯ ಆಯೋಗ 2020ರಲ್ಲಿ ಅಭಿಪ್ರಾಯಪಟ್ಟಿದೆ.

ಹೊಡೆತ, ಅವಮಾನ ಮತ್ತು ಲೈಂಗಿಕ ದೌರ್ಜನ್ಯ

ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಆರ್‌ಟಿಇ ಕಾಯಿದೆಯ 17ನೇ ಕಲಮು ನಿಷೇಧಿಸಿದೆ. ಮಗುವಿನ ಮೈಮೇಲೆ ಬಾಸುಂಡೆ ಕಂಡರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು, ಗಾಯ ಹೇಗಾಯಿತೆಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿ, ಅದು ಎಂಎಲ್‌ಸಿ ವಹಿಯಲ್ಲಿ, ಅಂದರೆ ಪೊಲೀಸ್ ಪ್ರಕರಣವಾಗಬಹುದಾದ ಗಾಯಗಳನ್ನು ಬರೆದಿಡುವ ಆಸ್ಪತ್ರೆಯ ಪುಸ್ತಕದಲ್ಲಿ, ದಾಖಲಾಗುವಂತೆ ನೋಡಿಕೊಳ್ಳಬೇಕು. ಮರುದಿನ ಶಾಲೆಗೆ ಹೋಗಿ ಕೂಗಾಡಿ, ಮೂರು ದಿನ ಬಿಟ್ಟು ಗಾಯ ಮಾಸಿದ ಮೇಲೆ ಆಸ್ಪತ್ರೆಗೆ ಹೋಗುವವರೇ ಹೆಚ್ಚು. ಅಷ್ಟರಲ್ಲಿ ಮುಖ್ಯ ಸಾಕ್ಷ್ಯವೇ ಇರುವುದಿಲ್ಲ. ಮಗುವಿನ ಮೇಲಿನ ಕ್ರೌರ್ಯಕ್ಕೆ 2015ರ ಬಾಲನ್ಯಾಯ ಕಾಯಿದೆಯ 75ನೇ ಕಲಮೂ ಅನ್ವಯಿಸಬಹುದು. ತುರ್ತಾಗಿದ್ದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಬಹುದು.

ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಶಾಲೆಯ ಒಳಗಿನ ವಿಚಾರಣೆ, ರಾಜಿ, ಆಡಳಿತ ಮಂಡಳಿಯ ಸಭೆ ಎಂಬ ಯಾವ ಹಂತಕ್ಕೂ ಸ್ಥಾನವಿಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯಿದೆಯ 19ನೇ ಕಲಮಿನಂತೆ ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವರಿಗೆ 21ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡವಿದ್ದು, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ ಇದೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆ ಇರುವುದರಿಂದ, ಶಾಲೆಯ ಆಯಾ ಅಥವಾ ಗುಮಾಸ್ತರು ಆಡಳಿತ ಮಂಡಳಿಯ ಅನುಮತಿಗಾಗಿ ಕಾಯಬೇಕಾಗಿಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಮಗು ಇಷ್ಟಪಟ್ಟ ಸ್ಥಳದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಸಮವಸ್ತ್ರವಿಲ್ಲದೆ ಬಂದು ದಾಖಲಿಸಿಕೊಳ್ಳಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರವಣಿಗೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯ ಮೂಲಕ ಕಳುಹಿಸಿ, ಅದರಿಂದಲೂ ಫಲವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಅಂಗವಿಕಲ ಮಕ್ಕಳ ಪೋಷಕರು ನೆನಪಿಡಬೇಕಾದದ್ದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ. ಗುರುತಿಸಲಾದ ಪ್ರಮಾಣದ ಅಂಗವೈಕಲ್ಯವುಳ್ಳ ಮಗುವಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಅದರ 31ನೇ ಕಲಮು ಕೊಡುತ್ತದೆ. ಪರೀಕ್ಷೆಯಲ್ಲಿ ಬರಹಗಾರರ ನೆರವು, ಹೆಚ್ಚುವರಿ ಸಮಯ ಮುಂತಾದವುಗಳನ್ನು ನಿರಾಕರಿಸಿದರೆ ರಾಜ್ಯ ಅಂಗವಿಕಲ ವ್ಯಕ್ತಿಗಳ ಅಧಿನಿಯಮದ ಆಯುಕ್ತರಿಗೆ ದೂರು ಸಲ್ಲಿಸಬಹುದು.

ಖಾಸಗಿ ಶಾಲೆಯ ಶಿಕ್ಷಕರು ಮತ್ತು ನೌಕರರು

ಈ ವರ್ಗದ ಜನರಿಗೆ ತಮ್ಮ ಹಕ್ಕುಗಳ ಬಗ್ಗೆ ಇರುವ ತಿಳಿವಳಿಕೆ ಅತ್ಯಂತ ಕಡಿಮೆ. ಶಿಕ್ಷಕರು ಕೈಗಾರಿಕಾ ಕಾನೂನಿನ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲೇ ತೀರ್ಪು ಕೊಟ್ಟಿರುವುದರಿಂದ ಕೆಲಸದಿಂದ ತೆಗೆದ ಶಿಕ್ಷಕರು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಿ ಪ್ರಯೋಜನವಿಲ್ಲ. ಅವರಿಗಾಗಿ ಇರುವುದು ಶೈಕ್ಷಣಿಕ ಮೇಲ್ಮನವಿ ನ್ಯಾಯಾಧಿಕರಣ. ಅದರ ಅಧಿಕಾರವನ್ನು ಜಿಲ್ಲಾ ನ್ಯಾಯಾಧೀಶರು ಚಲಾಯಿಸುತ್ತಾರೆ. ಇದು ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ನಡೆಯುತ್ತಿದ್ದರೂ, ಅಂಥದೊಂದು ನ್ಯಾಯಾಧಿಕರಣ ಇದೆಯೆಂದು ನಿವೃತ್ತಿಯವರೆಗೂ ತಿಳಿಯದೆ ಉಳಿದ ಶಿಕ್ಷಕರು ಬಹಳ.

ಕರ್ನಾಟಕ ಶಿಕ್ಷಣ ಕಾಯಿದೆಯ 92ನೇ ಕಲಮಿನಂತೆ ನಿಯಮಾನುಸಾರ ವಿಚಾರಣೆ ನಡೆಸದೆ ಯಾವ ನೌಕರರನ್ನೂ ವಜಾ ಮಾಡುವಂತಿಲ್ಲ, ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ವಿಚಾರಣೆ ಎಂದರೆ ಆಡಳಿತ ಮಂಡಳಿಯ ಎದುರು ನಿಲ್ಲಿಸಿ ನಾಲ್ಕು ಮಾತು ಕೇಳುವುದಲ್ಲ. ಆರೋಪಗಳನ್ನು ಬರವಣಿಗೆಯಲ್ಲಿ ಕೊಡಬೇಕು, ಆಧಾರವಾದ ದಾಖಲೆಗಳನ್ನು ತೋರಿಸಬೇಕು, ಉತ್ತರಕ್ಕೆ ಸಮಯ ಕೊಡಬೇಕು, ಸಾಕ್ಷಿಗಳನ್ನು ಪ್ರಶ್ನಿಸಲು ಅವಕಾಶ ಕೊಡಬೇಕು. ಹೆಚ್ಚುವರಿ ಎಂದು ಕೆಲಸದಿಂದ ಬಿಡುಗಡೆ ಮಾಡಲು 98ನೇ ಕಲಮಿನಂತೆ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಆದೇಶ ಕೈಸೇರಿದ ದಿನದಿಂದ ಮೂರು ತಿಂಗಳೊಳಗೆ 94ನೇ ಕಲಮಿನಡಿ ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಬೇಕು. ಅನುದಾನಿತ ಶಾಲೆಯ ನೌಕರರಿಗೆ ಸಂಬಳ ಸರ್ಕಾರದಿಂದ ಬಂದರೂ ನೇಮಕ ಮಾಡಿದವರು ಆಡಳಿತ ಮಂಡಳಿಯವರೇ ಆದ್ದರಿಂದ ಅವರಿಗೂ ಇದೇ ದಾರಿ.

ಕೇಂದ್ರೀಯ ಮಂಡಳಿಗಳ ಶಾಲೆಯವರು ಇಲ್ಲಿ ಎಚ್ಚರ ವಹಿಸಬೇಕು. 1983ರ ಕಾಯಿದೆ ಅನ್ವಯಿಸುವುದಿಲ್ಲವೆಂದು ಎದುರು ಪಕ್ಷದವರು ವಾದಿಸಿಯೇ ವಾದಿಸುತ್ತಾರೆ. 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕಾಯಿದೆಯ ಆಶ್ರಯ ತಮಗೆ ಇದೆಯೇ ಎಂಬುದನ್ನು ಸೇವಾ ವಿಷಯಗಳಲ್ಲಿ ಅನುಭವವುಳ್ಳ ವಕೀಲರಿಂದ ಮೊದಲ ವಾರದಲ್ಲೇ ಕೇಳಿ ತಿಳಿಯಬೇಕು. ನೇರವಾಗಿ ಹೈಕೋರ್ಟಿಗೆ ರಿಟ್, ಅಂದರೆ ಸಂವಿಧಾನದಡಿಯ ಅರ್ಜಿ, ಹಾಕಬಹುದೆಂಬ ಸಲಹೆಯನ್ನು ಸುಮ್ಮನೆ ಒಪ್ಪಬಾರದು. ಸಾರ್ವಜನಿಕ ಕರ್ತವ್ಯದ ಅಂಶವಿಲ್ಲದ ಖಾಸಗಿ ಸೇವಾ ವಿವಾದಕ್ಕೆ ರಿಟ್ ನಿಲ್ಲುವುದಿಲ್ಲವೆಂದು 2022ರಲ್ಲಿ ಸೇಂಟ್ ಮೇರೀಸ್ ಎಜುಕೇಶನ್ ಸೊಸೈಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಈಗ ಆ ಫೋನ್ ಕರೆಯ ವಿಷಯ. ಜೂನ್‌ನಿಂದ ಬರಬೇಡಿ ಎಂದು ಬಾಯಿಮಾತಿನಲ್ಲಿ ಹೇಳಿದರೆ, ಶಾಲೆ ಪುನರಾರಂಭವಾಗುವ ದಿನ ತಪ್ಪದೆ ಶಾಲೆಗೆ ಹೋಗಬೇಕು. ಹಾಜರಿ ಪುಸ್ತಕದಲ್ಲಿ ಸಹಿ ಮಾಡಲು ಬಿಡದಿದ್ದರೆ ಅದೇ ದಿನ, «ಇಂದು ಬೆಳಿಗ್ಗೆ ಕೆಲಸಕ್ಕೆ ಹಾಜರಾದ ನನಗೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡಲು ಅವಕಾಶ ನೀಡಿರುವುದಿಲ್ಲ, ನಾನು ರಾಜೀನಾಮೆ ನೀಡಿರುವುದಿಲ್ಲ, ಕರ್ತವ್ಯ ನಿರ್ವಹಿಸಲು ಸಿದ್ಧಳಿದ್ದೇನೆ, ನನ್ನನ್ನು ಸೇವೆಯಿಂದ ತೆಗೆದಿದ್ದಲ್ಲಿ ಲಿಖಿತ ಆದೇಶ ನೀಡಬೇಕು» ಎಂದು ಕಾರ್ಯದರ್ಶಿಗಳಿಗೆ ಬರೆದು ಸ್ಪೀಡ್ ಪೋಸ್ಟ್ ಮಾಡಿ, ಪ್ರತಿಯನ್ನು ಬಿಇಒ ಅವರಿಗೆ ಕಳುಹಿಸಬೇಕು. ಈ ಒಂದು ಪತ್ರ ಇಲ್ಲದಿದ್ದರೆ, ಮುಂದೆ ನ್ಯಾಯಾಧಿಕರಣದಲ್ಲಿ ಅವರೇ ಕೆಲಸ ಬಿಟ್ಟು ಹೋದರು ಎಂಬುದೇ ಆಡಳಿತ ಮಂಡಳಿಯ ಮೊದಲ ಉತ್ತರವಾಗಿರುತ್ತದೆ. ನೇಮಕಾತಿ ಆದೇಶವನ್ನೇ ಕೊಡದ ಶಾಲೆಗಳಲ್ಲಿ ಸೇವೆಯನ್ನು ರುಜುವಾತುಪಡಿಸಲು ಬ್ಯಾಂಕ್ ಪಾಸ್‌ಪುಸ್ತಕ, ಭವಿಷ್ಯ ನಿಧಿಯ ಖಾತೆ, ವೇಳಾಪಟ್ಟಿ, ತಾವು ಸಹಿ ಮಾಡಿದ ಅಂಕವಹಿಯ ಪ್ರತಿ, ಪರೀಕ್ಷಾ ಮೇಲ್ವಿಚಾರಣೆಯ ಆದೇಶ, ಇವೆಲ್ಲವೂ ಉಪಯೋಗಕ್ಕೆ ಬರುತ್ತವೆ. ಇವುಗಳನ್ನು ಜಗಳ ಹುಟ್ಟುವ ಮೊದಲೇ ಕೂಡಿಡಬೇಕು. ಗೇಟಿನ ಹೊರಗೆ ನಿಂತ ಮೇಲೆ ಯಾವುದೂ ಸಿಗುವುದಿಲ್ಲ.

ದಿನಾಂಕವಿಲ್ಲದ ರಾಜೀನಾಮೆಗೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ಕೆಲವು ಸಂಸ್ಥೆಗಳಲ್ಲಿ ಇದೆ. ಸಹಿ ಹಾಕಲೇಬಾರದು, ಒತ್ತಾಯದಿಂದ ಹಾಕಬೇಕಾಗಿ ಬಂದಿದ್ದರೆ ಅದನ್ನು ತಕ್ಷಣವೇ ಪತ್ರದ ಮೂಲಕ ದಾಖಲಿಸಿ ಹಿಂಪಡೆಯಬೇಕು. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಬಹುದು, ಒಪ್ಪಿಸಿ ಬರುವ ಅಗತ್ಯವಿಲ್ಲ.

ಉಪಧನ, ಅಂದರೆ ಗ್ರಾಚ್ಯುಟಿ, ಶಿಕ್ಷಕರಿಗೂ ಸಲ್ಲುತ್ತದೆ. 2009ರ ತಿದ್ದುಪಡಿಯು 1997ರ ಏಪ್ರಿಲ್ 3ರಿಂದಲೇ ಪೂರ್ವಾನ್ವಯವಾಗುವಂತೆ ಶಿಕ್ಷಕರನ್ನು ಸೇರಿಸಿತು, ಅದನ್ನು ಖಾಸಗಿ ಶಾಲೆಗಳು ಪ್ರಶ್ನಿಸಿದಾಗ 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಶಿಕ್ಷಕರ ಪರವಾಗಿ ತೀರ್ಪು ಕೊಟ್ಟಿತು. ಆ ಹಕ್ಕು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿದೆ. ಐದು ವರ್ಷ ನಿರಂತರ ಸೇವೆ ಸಲ್ಲಿಸಿದ ಕಾಯಂ ನೌಕರರಿಗೆ ಪ್ರತಿ ವರ್ಷಕ್ಕೆ 15 ದಿನದ ವೇತನದ ಲೆಕ್ಕದಲ್ಲಿ ಇದು ಸಿಗಬೇಕು. ಕೊಡದಿದ್ದರೆ ಶಿಕ್ಷಣ ಇಲಾಖೆಗೆ ಅಲೆಯದೆ ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಅರ್ಜಿ ಹಾಕಬೇಕು. ಬಸ್ ಚಾಲಕರು, ಅಟೆಂಡರ್‌ಗಳು, ಗುಮಾಸ್ತರು ಮುಂತಾದ ಬೋಧಕೇತರ ಸಿಬ್ಬಂದಿಗೆ ಕಾರ್ಮಿಕ ಕಾನೂನುಗಳ ಉಳಿದ ರಕ್ಷಣೆಯೂ ಉಂಟು.

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾಯಿದೆಯಂತೆ ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಹತ್ತಕ್ಕಿಂತ ಕಡಿಮೆ ಸಿಬ್ಬಂದಿಯಿರುವ ಶಾಲೆಯಾಗಿದ್ದರೆ, ಅಥವಾ ದೂರು ಆಡಳಿತ ಮಂಡಳಿಯ ಮುಖ್ಯಸ್ಥರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು.

ಸರ್ಕಾರಿ ಶಾಲೆಯ ಶಿಕ್ಷಕರ ಸೇವಾ ವಿವಾದಗಳು, ಅಂದರೆ ವರ್ಗಾವಣೆ, ಬಡ್ತಿ, ಅಮಾನತು ಮುಂತಾದವು, ಇಲಾಖೆಯೊಳಗಿನ ಮೇಲ್ಮನವಿಯ ನಂತರ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗುತ್ತವೆ. ಅದರ ಪೀಠಗಳು ಬೆಂಗಳೂರು, ಬೆಳಗಾವಿ ಮತ್ತು ಕಲಬುರಗಿಯಲ್ಲಿವೆ. ಬೋಧನೇತರ ಕೆಲಸಗಳ ಬಗ್ಗೆ ತಕರಾರು ಬಂದಾಗ ಆರ್‌ಟಿಇ ಕಾಯಿದೆಯ 27ನೇ ಕಲಮನ್ನು ಉಲ್ಲೇಖಿಸಬಹುದು. ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ, ಈ ಮೂರನ್ನು ಮಾತ್ರ ಅದು ಅನುಮತಿಸುತ್ತದೆ.

ಮಾಹಿತಿ ಹಕ್ಕನ್ನು ಬಳಸುವ ರೀತಿ

ಅನುದಾನರಹಿತ ಖಾಸಗಿ ಶಾಲೆಗೆ ನೇರವಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ತಾವು ಸಾರ್ವಜನಿಕ ಪ್ರಾಧಿಕಾರವಲ್ಲ ಎಂಬ ಉತ್ತರ ಬರುತ್ತದೆ. ಅದೇ ಶಾಲೆಯ ಮಾನ್ಯತೆಯ ಆದೇಶ, ಶಿಕ್ಷಕರ ಪಟ್ಟಿ, ತಪಾಸಣಾ ವರದಿ ಮುಂತಾದವುಗಳ ಪ್ರತಿಗಳು ಬಿಇಒ ಅಥವಾ ಉಪನಿರ್ದೇಶಕರ ಕಚೇರಿಯಲ್ಲಿ ಇರುತ್ತವೆ, ಅಲ್ಲಿಗೆ ಕೇಳಿದರೆ ಕೊಡಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳನ್ನು ಮೀರಬಾರದು. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಲಗತ್ತಿಸಿದರೆ ಸಾಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿಯನ್ನು ಮುಂದಿನ 30 ದಿನಗಳೊಳಗೆ, ಎರಡನೆಯದನ್ನು ಅದಾದ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಸಲ್ಲಿಸಬೇಕು. ತಾನು ಬರೆದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಇದೆಯೆಂದು ಸುಪ್ರೀಂ ಕೋರ್ಟು 2011ರಲ್ಲಿ ತೀರ್ಪು ಕೊಟ್ಟಿದೆ. ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಪರೀಕ್ಷೆಗಳಲ್ಲಿ ಮಾತ್ರ ಮೊದಲು ಮಂಡಳಿಯ ಸ್ಕ್ಯಾನ್ ಪ್ರತಿ ಮತ್ತು ಮರುಮೌಲ್ಯಮಾಪನದ ವ್ಯವಸ್ಥೆಯನ್ನೇ ಬಳಸುವುದು ಜಾಣತನ, ಏಕೆಂದರೆ ಅದರ ಗಡುವು ಫಲಿತಾಂಶದ ನಂತರ ಕೆಲವೇ ದಿನಗಳಲ್ಲಿ ಮುಗಿಯುತ್ತದೆ, ಮಾಹಿತಿ ಹಕ್ಕಿನ ಉತ್ತರ ಬರುವಷ್ಟರಲ್ಲಿ ಪ್ರವೇಶಗಳೇ ಮುಗಿದಿರುತ್ತವೆ.

ವಕೀಲರ ಖರ್ಚು ಭರಿಸಲಾಗದವರಿಗೆ

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಇತರರಿಗೆ ಆದಾಯದ ಮಿತಿ ಅನ್ವಯಿಸುತ್ತದೆ. ಖಾಸಗಿ ಶಾಲೆಗಳ ಶಿಕ್ಷಕರಲ್ಲಿ ಬಹುಪಾಲು ಮಹಿಳೆಯರೇ ಆಗಿರುವಾಗ, ನ್ಯಾಯಾಧಿಕರಣದ ಮೇಲ್ಮನವಿಗೆ ವಕೀಲರನ್ನು ಇಡಲು ಹಣವಿಲ್ಲವೆಂದು ಮೂರು ತಿಂಗಳ ಅವಧಿಯನ್ನು ಕಳೆದುಕೊಳ್ಳುವುದಕ್ಕೆ ಕಾರಣವೇ ಇಲ್ಲ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ, ತಾಲ್ಲೂಕು ನ್ಯಾಯಾಲಯಗಳಲ್ಲಿ ಸಮಿತಿಗಳಿವೆ. ಬಿಳಿ ಹಾಳೆಯ ಮೇಲೆ ಬರೆದ ಅರ್ಜಿ, ಗುರುತಿನ ಚೀಟಿಯ ಪ್ರತಿ, ಸಂಬಂಧಪಟ್ಟ ಕಾಗದಗಳ ಜೆರಾಕ್ಸ್ ಪ್ರತಿ ಮತ್ತು ದಿನಾಂಕವಾರು ಬರೆದ ಘಟನೆಗಳ ಒಂದು ಪುಟದ ಟಿಪ್ಪಣಿ, ಇಷ್ಟನ್ನು ತೆಗೆದುಕೊಂಡು ಕಚೇರಿಯ ವೇಳೆಯಲ್ಲಿ ಹೋಗಬಹುದು, ಇಲ್ಲವೇ 15100 ಸಂಖ್ಯೆಗೆ ಕರೆ ಮಾಡಿ ಹತ್ತಿರದ ಕಚೇರಿಯ ವಿವರವನ್ನು ಪಡೆಯಬಹುದು.